ಡಾಕ್ಟ್ರ ಹತ್ರ ಕೇಳಿ: ಫಾರಿನ್ ಟೂರಲ್ಲಿ ಹೊಟ್ಟೆ ಕೆಟ್ರೆ ಎಂತ ಮಾಡೋದು?

ಅಡಿಕೆ ಕೊಯ್ಲು ಮುಗಿದು ಕೈಲಿ ನಾಲ್ಕು ಕಾಸು ಓಡಾಡೋ ಹೊತ್ತಿಗೆ ನಮ್ಮ ಕಡೆ ಟೂರಿನ ಮಾತು ಶುರುವಾಗತ್ತೆ. ಮೊದಲು ಕಾಶಿ, ರಾಮೇಶ್ವರ ಅಂತಿದ್ದವರು ಈಗ ಬ್ಯಾಂಕಾಕ್, ಬಾಲಿ, ವಿಯೆಟ್ನಾಂ ಅಂತಾರೆ. ಇನ್ನೊಂದು ಕಡೆ ಅಮೆರಿಕದಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಬರ್ತಾರೆ. ಹೋದವರಿಗೂ ಬಂದವರಿಗೂ ಒಂದೇ ಫಜೀತಿ, ಹೊಟ್ಟೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ ಆಗಿರೋದ್ರಿಂದ ಮಂಡಿ ನೋವಿನವರು ಮುಂದಿನ ಸಂಚಿಕೆ ತನಕ ಸ್ವಲ್ಪ ಕಾಯ್ಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ನಂಗೆ ಈಗ 63. ಬಿಪಿ, ಶುಗರ್ ಎರಡೂ ಇದೆ. ನಮ್ಮ ಮಹಿಳಾ ಮಂಡಳಿಯವರ ಜೊತೆ ಎಂಟು ದಿನ ಥಾಯ್ಲೆಂಡಿಗೆ ಹೊರಟಿದೀನಿ. ಹೊಟ್ಟೆ ಕೆಡಬಾರದು ಅಂತ ಮೆಡಿಕಲ್ ಶಾಪಿನ ಹುಡುಗ ಒಂದು ಸ್ಟ್ರಿಪ್ ಆಂಟಿಬಯೋಟಿಕ್ ಕೊಟ್ಟು, ದಿನಾ ಒಂದು ನುಂಗ್ತಾ ಇರಿ ಅಮ್ಮ, ಏನೂ ಆಗಲ್ಲ ಅಂದ. ನುಂಗ್ಲಾ? – ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡಮ್ಮ. ಆ ಸ್ಟ್ರಿಪ್ ವಾಪಸ್ ಕೊಟ್ಟು ಆ ದುಡ್ಡಿಗೆ ಆರು ಪ್ಯಾಕೆಟ್ ಓಆರ್‌ಎಸ್ ತಗೊಳಿ.

ಯಾಕೆ ಅಂತ ಹೇಳ್ತೀನಿ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಈ ಕಡೆಗೆಲ್ಲ ಎರಡು ವಾರ ಹೋಗಿ ಬರೋ ಪ್ರವಾಸಿಗಳಲ್ಲಿ, ಜಾಗ ಮತ್ತು ಸೀಸನ್ ನೋಡ್ಕೊಂಡು, ನೂರಕ್ಕೆ 30ರಿಂದ 70 ಜನರಿಗೆ ಭೇದಿ ಆಗತ್ತೆ, ಅದೂ ಹೆಚ್ಚಾಗಿ ಮೊದಲ ವಾರದಲ್ಲೇ. ಅಂದ್ರೆ ನಿಮ್ಮ ಬಸ್ಸಲ್ಲಿ ಮೂರು ಸೀಟಿಗೆ ಒಬ್ಬರಾದ್ರೂ ಬಾತ್‌ರೂಮ್ ಹುಡುಕೋರು ಇರ್ತಾರೆ ಅಂತಲೇ ಇಟ್ಕೊಳಿ. ಬಹುಪಾಲು ಕೇಸಿಗೆ ಕಾರಣ ಬ್ಯಾಕ್ಟೀರಿಯಾ, ಅದ್ರಲ್ಲೂ ಈ.ಕೋಲೈ ಜಾತಿಯವು. ಆದ್ರೆ ಮಾಮೂಲಿ ಆರೋಗ್ಯ ಇರೋರಿಗೆ ಔಷಧಿ ಇಲ್ದೆ ಹೋದ್ರೂ ಮೂರರಿಂದ ಏಳು ದಿನದಲ್ಲಿ ಅದು ತಾನಾಗೇ ಇಳಿಯತ್ತೆ. ದಿನಾ ಆಂಟಿಬಯೋಟಿಕ್ ನುಂಗಿದ್ರೆ ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾ ಮೊದಲು ಸಾಯ್ತವೆ, ಆ ಖಾಲಿ ಜಾಗಕ್ಕೆ ಯಾವ ಮಾತ್ರೆಗೂ ಬಗ್ಗದ ಪರದೇಶದ ಕ್ರಿಮಿ ಬಂದು ಕೂತ್ಕೊಂಡು ನಿಮ್ ಜೊತೆ ತೀರ್ಥಹಳ್ಳಿ ತನಕ ಬರತ್ತೆ. ಅದಕ್ಕೇ ಮುಂಜಾಗ್ರತೆಗೆ ಅಂತ ಎಲ್ರಿಗೂ ಆಂಟಿಬಯೋಟಿಕ್ ಕೊಡೋ ಪದ್ಧತಿ ಈಗ ಇಲ್ಲ.

ಇನ್ನೊಂದು ವಿಷ್ಯ. ಲೂಸ್ ಮೋಷನ್ ಅಂದ ಕೂಡ್ಲೆ ನಮ್ಮಲ್ಲಿ ಕೈಗೆ ಬರೋದು ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಇಲ್ಲಾಂದ್ರೆ ಅದ್ರ ಜೊತೆ ಟಿನಿಡಝೋಲ್ ಸೇರಿಸಿರೋ ಜೋಡಿ ಮಾತ್ರೆ. ಥಾಯ್ಲೆಂಡ್ ಕಡೆ ಭೇದಿ ಮಾಡಿಸೋ ಕ್ಯಾಂಪಿಲೊಬ್ಯಾಕ್ಟರ್ ಅನ್ನೋ ಕ್ರಿಮಿಗೆ ಈ ಫ್ಲಾಕ್ಸಸಿನ್ ಗುಂಪಿನ ಮಾತ್ರೆ ಹೆಚ್ಚಿನಂಶ ನಾಟೋದೇ ಇಲ್ಲ. ಅಲ್ಲಿಗೆ ಹೋಗೋರಿಗೆ ಆಂಟಿಬಯೋಟಿಕ್ ಬೇಕೇ ಬೇಕು ಅನ್ನೋ ಹಂತ ಬಂದ್ರೆ ಕೊಡೋದು ಅಝಿತ್ರೊಮೈಸಿನ್, 1000 ಮಿಲಿಗ್ರಾಂ ಒಂದೇ ಸಲ, ಇಲ್ಲಾ 500ರಂತೆ ಮೂರು ದಿನ. ಹಾರ್ಟಿನ ತೊಂದ್ರೆ ಇರೋರಿಗೆ ಇದು ಆಗಿಬರದೇ ಇರಬಹುದು, ಹಾಗಾಗಿ ನಿಮ್ಮ ಡಾಕ್ಟ್ರೇ ಚೀಟಿ ಬರೆದುಕೊಟ್ರೆ ಮಾತ್ರ ಬ್ಯಾಗಲ್ಲಿಟ್ಕೊಳಿ, ಚೀಟಿನೂ ಜೊತೆಗಿರಲಿ.

ಆ ಹಂತ ಬಂತು ಅಂತ ಗೊತ್ತಾಗೋದು ಹೇಗೆ? ಎಷ್ಟು ಸಲ ಹೋದ್ರಿ ಅಂತ ಲೆಕ್ಕ ಇಡೋದಕ್ಕಿಂತ, ಅವತ್ತಿನ ತಿರುಗಾಟ ನಡೀತಾ ಇಲ್ವಾ ಅಂತ ನೋಡಿ. ಎರಡು ಮೂರು ಸಲ ಹೋಗಿ ಬಂದ್ರೂ ದೇವಸ್ಥಾನ ನೋಡ್ಕೊಂಡು ಬರೋಷ್ಟು ತ್ರಾಣ ಇದ್ರೆ ಓಆರ್‌ಎಸ್, ನೀರು, ಅನ್ನ ಸಾಕು. ಹೊಟ್ಟೆ ಹಿಂಡ್ತಿದೆ, ಬಸ್ಸಲ್ಲಿ ನಾಲ್ಕು ತಾಸು ಕೂರ್ಬೇಕು ಅಂದ್ರೆ ಭೇದಿ ತಡೆಹಿಡಿಯೋ ಲೋಪರಮೈಡ್ ಮೊದಲು ಎರಡು ಮಾತ್ರೆ, ಆಮೇಲೆ ಪ್ರತಿ ಸಲ ನೀರಾಗಿ ಹೋದಾಗ ಒಂದು, ದಿನಕ್ಕೆ ಒಟ್ಟು ನಾಲ್ಕು ದಾಟಬಾರದು. ಆದ್ರೆ ಮಲದಲ್ಲಿ ರಕ್ತ ಕಂಡ್ರೆ, ಜ್ವರ ಇದ್ರೆ ಇದನ್ನ ಮುಟ್ಟಬೇಡಿ, ಒಳಗಿರೋ ವಿಷ ಒಳಗೇ ನಿಲ್ಲತ್ತೆ. ರಕ್ತ, 102 ಡಿಗ್ರಿ ಜ್ವರ, ಮಂಚದಿಂದ ಏಳಕ್ಕಾಗದಷ್ಟು ಸುಸ್ತು, ಇವೇ ಆ ಹಂತ. ಆಗ ಗೈಡ್‌ಗೆ ಹೇಳಿ ಆಸ್ಪತ್ರೆಗೆ ಹೋಗಿ, ಟೂರ್ ಹಾಳಾಗತ್ತೆ ಅಂತ ಮುಚ್ಚಿಟ್ಕೋಬೇಡಿ. ಒಂದು ಥರ್ಮಾಮೀಟರ್ ತಗೊಂಡ್ ಹೋಗಿ ಅಂದ್ರೆ ಎಲ್ರೂ ನಗ್ತಾರೆ, ಆದ್ರೆ ಮಧ್ಯರಾತ್ರಿ ಎರಡು ಗಂಟೆಗೆ ಲೋಪರಮೈಡ್ ನುಂಗ್ಬೇಕಾ ಬೇಡ್ವಾ ಅಂತ ಹೇಳೋದು ಅದೇ.

ಓಆರ್‌ಎಸ್ ಬಗ್ಗೆ ನಂದೇ ಒಂದು ಕಥೆ ಕೇಳಿ. ಕೆಲವು ವರ್ಷದ ಹಿಂದೆ ಹನೋಯಿಗೆ ಹೋಗಿದ್ದೆ. ಊರಿಗೆಲ್ಲ ಬುದ್ಧಿ ಹೇಳೋನು ನಾನು, ಬಿಸಿಲಿಗೆ ಸೋತು ಬೀದಿಲಿ ಕಬ್ಬಿನ ಹಾಲು ಕುಡಿದೆ. ಅವನು ಗೋಣಿಚೀಲದಿಂದ ಐಸ್ ಗಡ್ಡೆ ಎಳೆದು ಕಬ್ಬಿಣದ ಸಲಾಕೆಲಿ ಕುಟ್ಟಿ ಹಾಕಿದ್ದು ಕಣ್ಣಾರೆ ಕಂಡೂ ಕುಡಿದೆ. ರಾತ್ರಿ ಹನ್ನೊಂದಕ್ಕೆ ಶುರು. ಮೂರು ಗಂಟೆಗೆ ಕೈ ನಡುಗ್ತಾ ಓಆರ್‌ಎಸ್ ಪ್ಯಾಕೆಟ್ ಹರಿದು ಹೋಟೆಲಿನ ನೀರಿನ ಬಾಟಲಿಗೆ ಸುರಿದೆ, ಒಂದು ಗುಟುಕು ಬಾಯಿಗಿಟ್ರೆ ಸಮುದ್ರದ ನೀರು! ಪ್ಯಾಕೆಟ್ಟು ಒಂದು ಲೀಟರಿಂದು, ಬಾಟಲಿ ಅರ್ಧ ಲೀಟರಿಂದು. ಉಪ್ಪು ಹೆಚ್ಚಾದ್ರೆ ಭೇದಿ ಇನ್ನೂ ಜಾಸ್ತಿ ಆಗಬಹುದು, ಮಕ್ಕಳಿಗಂತೂ ಅಪಾಯ. ಹಾಗಾಗಿ ಸುಮಾರು 21 ಗ್ರಾಮಿನ ದೊಡ್ಡ ಪ್ಯಾಕೆಟ್ಟಿಗೆ ಅರ್ಧ ಲೀಟರಿನ ಎರಡು ಬಾಟಲಿ. 200 ಮಿಲಿಗೆ ಕಲೆಸೋ ಚಿಕ್ಕ ಪ್ಯಾಕೆಟ್ಟೂ ಬರತ್ತೆ, ಹರಿಯೋ ಮುಂಚೆ ಮೇಲೆ ಏನ್ ಬರೆದಿದೆ ಓದಿ. ಕಲೆಸಿದ್ದನ್ನ 24 ಗಂಟೆ ಒಳಗೆ ಕುಡಿದು ಮುಗಿಸಿ, ಉಳಿದಿದ್ದು ಚೆಲ್ಲಿ.

ಶುಗರ್ ಇರೋರು ಓಆರ್‌ಎಸ್ ಸಿಹಿ ಅಂತ ಹೆದರ್ತಾರೆ. ಒಂದು ಲೀಟರಿಗೆ ಅದ್ರಲ್ಲಿರೋ ಗ್ಲೂಕೋಸ್ 13.5 ಗ್ರಾಂ, ಮೂರು ಟೀ ಚಮಚ ಅಷ್ಟೇ. ಆ ಗ್ಲೂಕೋಸ್ ಇಲ್ದಿದ್ರೆ ಕರುಳು ಉಪ್ಪನ್ನ ಒಳಗೆ ಎಳ್ಕೊಳಲ್ಲ, ಉಪ್ಪು ಹೋಗ್ದಿದ್ರೆ ನೀರೂ ಹೋಗಲ್ಲ, ಮೂರೂ ಕೈ ಕೈ ಹಿಡ್ಕೊಂಡೇ ಒಳಗೆ ಹೋಗೋದು. ಭೇದಿ ಜೋರಾಗಿ ಇರುವಾಗ್ಲೂ ಕರುಳಿನ ಈ ಒಂದು ಬಾಗಿಲು ಮುಚ್ಚಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾವ್ ಕ್ಯಾಂಪಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಖಾಲಿ ಆದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇದೇ ನೀರನ್ನ ಡ್ರಮ್ಮಲ್ಲಿ ಕಲೆಸಿ ಕುಡಿಸಿದ್ರು, ನೂರಕ್ಕೆ 30ರ ಹತ್ರ ಇದ್ದ ಸಾವು 4ಕ್ಕಿಂತ ಕೆಳಗಿಳೀತು. ಅವರಿಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ಅಷ್ಟು ಹೊತ್ತಿಗೆ ತೀರ್ಕೊಂಡಿದ್ರು. ಇನ್ನು ಟೆಟ್ರಾ ಪ್ಯಾಕಲ್ಲಿ ಬರೋ ಸಿಹಿ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ, ಅದ್ರ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆಯತ್ತೆ. ಡಬ್ಲ್ಯುಎಚ್‌ಒ ಫಾರ್ಮುಲಾ ಅಲ್ಲದ ಪಾನೀಯದ ಮೇಲೆ ಓಆರ್‌ಎಸ್ ಅಂತ ಹೆಸರು ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಲ್ಲಿ ಆರ್ಡರ್ ಮಾಡ್ತು. ಪುಡಿ ಪ್ಯಾಕೆಟ್ಟೇ ತಗೊಳಿ, ಭಾರಾನೂ ಇಲ್ಲ.

ನಿಮಗೆ ಕೊನೇದಾಗಿ ಒಂದು ಮುಖ್ಯ ಮಾತಿದೆ. ಭೇದಿ ಆಗಿ ಮೈಯಲ್ಲಿ ನೀರು ಕಮ್ಮಿ ಆದಾಗ ಮೆಟ್‌ಫಾರ್ಮಿನ್, ಹೆಸರಿನ ಕೊನೆಗೆ ಫ್ಲೋಜಿನ್ ಅಂತ ಬರೋ ಶುಗರ್ ಮಾತ್ರೆ, ಮೂತ್ರ ಹೆಚ್ಚು ಮಾಡೋ ಬಿಪಿ ಮಾತ್ರೆ, ಇಂಥವನ್ನ ಒಂದೆರಡು ದಿನ ನಿಲ್ಲಿಸ್ಬೇಕಾಗಬಹುದು, ಇಲ್ದಿದ್ರೆ ಕಿಡ್ನಿಗೆ ಪೆಟ್ಟು. ಊಟ ಮಾಡದೆ ಗ್ಲಿಮೆಪಿರೈಡ್ ನುಂಗಿದ್ರೆ ಶುಗರ್ ದಿಢೀರಂತ ಇಳಿಯತ್ತೆ. ಯಾವುದನ್ನ ಯಾವಾಗ ನಿಲ್ಲಿಸೋದು, ಯಾವಾಗ ಮತ್ತೆ ಶುರು ಮಾಡೋದು ಅಂತ ಹೊರಡೋ ಮುಂಚೆ ನಿಮ್ಮ ಡಾಕ್ಟ್ರ ಹತ್ರ ಒಂದು ಚೀಟಿಲಿ ಬರೆಸ್ಕೊಂಡು ಪಾಸ್‌ಪೋರ್ಟ್ ಜೊತೆ ಇಟ್ಕೊಳಿ.

ಊಟದ ವಿಷ್ಯ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ಸ್ಟಾರ್ ಹೋಟೆಲ್ ಬಫೆ ಅಂದ್ರೆ ಸೇಫ್, ಬೀದಿ ಬದಿ ಅಂದ್ರೆ ಡೇಂಜರ್ ಅನ್ನೋದು ಪೂರ್ತಿ ನಿಜ ಅಲ್ಲ. ಎದುರಿಗೇ ದೊಡ್ಡ ಬಾಣಲೇಲಿ ಹೊಗೆ ಬರೋ ಹಾಗೆ ಹುರಿದು ಕೊಡೋ ನೂಡಲ್ಸು, ಎರಡು ತಾಸಿಂದ ಉಗುರು ಬೆಚ್ಚಗೆ ಕೂತಿರೋ ಬಫೆ ಪಲ್ಯಕ್ಕಿಂತ ವಾಸಿ. ಹಣ್ಣು ನೀವೇ ಸಿಪ್ಪೆ ಸುಲಿದು ತಿನ್ನಿ, ಹೆಚ್ಚಿಟ್ಟಿದ್ದು ಬೇಡ. ಹಸಿ ಸೊಪ್ಪಿನ ಸಲಾಡ್ ಬೇಡ. ಹಲ್ಲುಜ್ಜೋದಕ್ಕೂ ಬಾಟಲಿ ನೀರೇ.

ಪ್ರಶ್ನೆ: ಅಮೆರಿಕದಿಂದ ಮಗ, ಸೊಸೆ, ಮೂರು ವರ್ಷದ ಮೊಮ್ಮಗ ಬರ್ತಿದಾರೆ. ಹೋದ ಸಲ ಬಂದ ನಾಲ್ಕೇ ದಿನಕ್ಕೆ ಮಗುಗೆ ಭೇದಿ ಆಗಿ ಆಸ್ಪತ್ರೆ ಸೇರಿಸಿದ್ವಿ. ಈ ಸಲ ಸೊಸೆ ಬಾಕ್ಸ್‌ಗಟ್ಟಲೆ ಬಾಟಲಿ ನೀರು ತರಿಸಿಡಿ ಅಂತ ಮೆಸೇಜ್ ಹಾಕಿದಾಳೆ. ಗುಡ್ಡದಿಂದ ಬರೋ ಅಬ್ಬಿ ನೀರು ಡಾಕ್ಟ್ರೇ ನಮ್ದು, ಮೂರು ತಲೆಮಾರಿಂದ ಕುಡೀತಿದೀವಿ, ಯಾರಿಗೂ ಏನೂ ಆಗಿಲ್ಲ. ನಮ್ಮನೆ ನೀರು ಅಷ್ಟು ಕೆಟ್ಟದಾ? – ಸಾಗರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಬೇಜಾರು ಅರ್ಥ ಆಗತ್ತೆ. ಅಬ್ಬಿ ನೀರಿನ ರುಚಿ ಬಾಟಲಿಗೆ ಎಲ್ಲಿಂದ ಬರ್ಬೇಕು. ಆದ್ರೆ ನೀವು ಮೂರು ತಲೆಮಾರಿಂದ ಕುಡಿದಿದೀರಿ, ನಿಮ್ಮ ಮೊಮ್ಮಗ ಕುಡಿದಿಲ್ಲ. ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪ ಕ್ರಿಮಿ ಹೊಟ್ಟೆಗೆ ಹೋಗಿ ನಿಮಗೆ ತಡೆಯೋ ಶಕ್ತಿ ಬಂದಿದೆ, ಆ ಮಗುಗೆ ಸಾಗರವೇ ಫಾರಿನ್ನು. ನಿಮ್ಮ ಮಗನೂ ಹತ್ತು ವರ್ಷ ಅಲ್ಲಿದ್ರೆ ಆ ಶಕ್ತಿ ಕಳ್ಕೊಂಡಿರ್ತಾನೆ, ನಾನು ಇಲ್ಲೇ ಹುಟ್ಟಿ ಬೆಳೆದೋನು ಅಂತ ಜಂಬ ಮಾಡಿದ್ರೆ ಅವನೂ ಮಲಗ್ತಾನೆ. ನೀರು ಕನ್ನಡಿ ಥರ ಕಂಡ್ರೂ ಮೇಲೆ ಗುಡ್ಡದಲ್ಲಿ ದನ, ಕಾಡುಪ್ರಾಣಿ ಓಡಾಡಿರ್ತವೆ, ಒಂದು ಮಳೆ ಬಂದ್ರೆ ಎಲ್ಲಾ ತೊಳ್ಕೊಂಡು ಬರತ್ತೆ.

ಬಾಟಲಿ ಬಾಕ್ಸ್ ಬೇಕಾಗಿಲ್ಲ, ಕುದಿಸಿ. ನೀರು ಗುಳ್ಳೆ ಎದ್ದು ಕೊತಕೊತ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಸಾಕು. ಸಮುದ್ರ ಮಟ್ಟದಿಂದ 2000 ಮೀಟರ್ ಮೇಲಿರೋ ಜಾಗದಲ್ಲಿ ಮೂರು ನಿಮಿಷ ಬೇಕು, ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿನೇ 1930 ಮೀಟರ್ ಇರೋದು, ಹಾಗಾಗಿ ಮಲೆನಾಡಲ್ಲಿ ಎಲ್ಲೇ ಇದ್ರೂ ಒಂದು ನಿಮಿಷದ ಲೆಕ್ಕವೇ ನಡೆಯತ್ತೆ.

ಎಡವಟ್ಟಾಗೋದು ಕುದಿಸಿದ ಮೇಲೆ. ಹೋದ ವರ್ಷ ನಂಟರ ಮನೇಲಿ ನೋಡಿದ್ದು ಹೇಳ್ತೀನಿ. ಅತ್ತೆ ಬಚ್ಚಲೊಲೆ ಮೇಲೆ ಶ್ರದ್ಧೆಯಿಂದ ನೀರು ಕುದಿಸಿ, ಆರಿಸಿ, ತಾಮ್ರದ ಕೊಡಕ್ಕೆ ಹಾಕಿದ್ರು. ಐದು ನಿಮಿಷಕ್ಕೆ ತೋಟದಿಂದ ಬಂದ ಮಾವ ಕೈಕಾಲು ತೊಳೀದೆ ಅದೇ ಕೊಡಕ್ಕೆ ಲೋಟ ಅದ್ದಿದ್ರು, ಬೆರಳು ಗೆಣ್ಣಿನ ತನಕ ನೀರೊಳಗೆ. ಅಲ್ಲಿಗೆ ಕುದಿಸಿದ್ದು ನೀರಲ್ಲಿ ಹೋಮ. ಮಗುಗೆ ಅಂತ ನಲ್ಲಿ ಇರೋ ಸ್ಟೀಲ್ ಡ್ರಮ್ ಒಂದು ಬೇರೆ ಇಡಿ, ಅದಕ್ಕೆ ಯಾರೂ ಲೋಟ ಅದ್ದೋ ಹಾಗಿಲ್ಲ.

ಮತ್ತೆ ಎಲ್ರೂ ಮರೆಯೋದು ಮಜ್ಜಿಗೆ, ತಂಬುಳಿ, ಚಟ್ನಿ. ಮಗುಗೆ ಕುಡಿಯೋಕೆ ಕಾದಾರಿದ ನೀರು ಕೊಟ್ಟು, ಒಂದೆಲಗದ ತಂಬುಳಿಗೆ ಹಸಿ ನೀರು ಬೆರೆಸಿದ್ರೆ ಎಂತ ಪ್ರಯೋಜನ ಮಾರಾಯ್ರೆ? ಅದಕ್ಕೂ ಕಾದಾರಿದ ನೀರೇ ಹಾಕಿ. ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದ ಮೇಲೆ, ಕರು ಮುಟ್ಟಿ ಆಡಿದ ಮೇಲೆ ಸೋಪ್ ಹಾಕಿ ಕೈ ತೊಳೆಸಿ. ಸ್ಯಾನಿಟೈಸರ್ ಬಾಟಲಿ ಸೊಸೆ ತಂದಿರ್ತಾಳೆ, ಆದ್ರೆ ವಾಂತಿಭೇದಿ ಮಾಡಿಸೋ ನೊರೊವೈರಸ್‌ಗೆ ಅದು ಸರಿಯಾಗಿ ತಾಗಲ್ಲ, ಸೋಪೇ ಸರಿ.

ಅಷ್ಟಾದ್ರೂ ಭೇದಿ ಆದ್ರೆ ಮಗುಗೆ ಲೋಪರಮೈಡ್ ಕೊಡಬೇಡಿ. ಓಆರ್‌ಎಸ್ ಒಂದೆರಡು ನಿಮಿಷಕ್ಕೊಂದು ಚಮಚ, ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಊಟ ನಿಲ್ಲಿಸಬೇಡಿ. ಜೊತೆಗೆ ಝಿಂಕ್ 20 ಮಿಲಿಗ್ರಾಂ ದಿನಕ್ಕೊಂದ್ಸಲ, ಭೇದಿ ನಿಂತ್ರೂ ಒಟ್ಟು 14 ದಿನ, ನಮ್ಮ ಆಶಾ ಕಾರ್ಯಕರ್ತೆಯರ ಹತ್ರಾನೂ ಸಿಗತ್ತೆ. ಅಳುವಾಗ ಕಣ್ಣೀರು ಬರ್ತಿಲ್ಲ, ಕಣ್ಣು ಗುಳಿ ಬಿದ್ದಿದೆ, ಆರೇಳು ತಾಸಿಂದ ಉಚ್ಚೆ ಇಲ್ಲ, ಮಗು ಮಂಕಾಗಿ ಮಲಗೇ ಇದೆ, ರಕ್ತ ಕಾಣ್ತಿದೆ, ಇವುಗಳಲ್ಲಿ ಒಂದಾದ್ರೂ ಬೆಳಗಾಗ್ಲಿ ನೋಡೋಣ ಅಂತ ಕಾಯಬೇಡಿ.

ಪ್ರಶ್ನೆ: ಸರ್, ಫ್ರೆಂಡ್ಸ್ ಜೊತೆ ಮಳೆಗಾಲದಲ್ಲಿ ಕಠ್ಮಂಡುಗೆ ಹೋಗಿದ್ದೆ. ಬಂದು ಮೂರು ವಾರ ಆಯ್ತು. ಜೋರು ಭೇದಿ ಏನಿಲ್ಲ, ಆದ್ರೆ ದಿನಕ್ಕೆ ನಾಲ್ಕು ಸಲ ಹೋಗ್ಬೇಕು, ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆ ವಾಸನೆ ತೇಗು, ಐದು ಕೆಜಿ ಇಳಿದಿದೀನಿ. ಎರಡು ಕೋರ್ಸ್ ಆಂಟಿಬಯೋಟಿಕ್ ತಗೊಂಡೆ, ಕಮ್ಮಿ ಆಗಿಲ್ಲ. – ಶಿವಮೊಗ್ಗದ ಓದುಗ

ಉತ್ತರ: ಹದಿನಾಲ್ಕು ದಿನ ದಾಟಿದ ಭೇದಿ ಬೇರೆ ಲೆಕ್ಕ ತಮ್ಮಾ. ಬ್ಯಾಕ್ಟೀರಿಯಾ, ವೈರಸ್ ಆದ್ರೆ ತಿಂದ ಆರು ತಾಸಿಂದ ಮೂರು ದಿನದೊಳಗೆ ಶುರುವಾಗಿ ಬೇಗ ಮುಗಿಯತ್ತೆ. ಹೀಗೆ ವಾರಗಟ್ಟಲೆ ಎಳೆಯೋದು ಹೆಚ್ಚಾಗಿ ಪರೋಪಜೀವಿ, ನೀನು ಹೇಳೋ ತೇಗಿನ ವಾಸನೆ ಕೇಳಿದ್ರೆ ನಂಗೆ ಮೊದಲು ಅನುಮಾನ ಬರೋದು ಜಿಯಾರ್ಡಿಯಾ ಮೇಲೆ. ಮಾಮೂಲಿ ಆಂಟಿಬಯೋಟಿಕ್ಕಿಗೆ ಅದು ಬಗ್ಗಲ್ಲ, ಟಿನಿಡಝೋಲ್ ಥರದ್ದೇ ಬೇಕು. ಆದ್ರೆ ನೀನೇ ಅಂಗಡಿಗೆ ಓಡಬೇಡ, ಮೊದಲು ಮಲ ಪರೀಕ್ಷೆ ಮಾಡಿಸು. ಒಂದು ದಿನದ ಸ್ಯಾಂಪಲ್ಲಲ್ಲಿ ಕಾಣ್ದೇ ಇರಬಹುದು, ದಿನ ಬಿಟ್ಟು ದಿನ ಮೂರು ಸಲ ಕೊಡ್ಬೇಕಾಗತ್ತೆ.

ಇನ್ನೊಂದಿದೆ, ಸೈಕ್ಲೋಸ್ಪೊರಾ ಅಂತ. ನೇಪಾಳದಲ್ಲಿ ಅದ್ರ ಕಾಟ ಇರೋದೇ ಮಳೆಗಾಲದ ತಿಂಗಳುಗಳಲ್ಲಿ. ಹಸಿ ಸೊಪ್ಪು, ಹಣ್ಣು, ನೀರಿಂದ ಬರತ್ತೆ, ಕ್ಲೋರಿನ್ ಮಾತ್ರೆ ಹಾಕಿದ ನೀರಲ್ಲೂ ಸಾಯಲ್ಲ. ಲ್ಯಾಬಿನವರು ಮಾಮೂಲಿ ನೋಡಿದ್ರೆ ತಪ್ಪಿಹೋಗಬಹುದು, ಅದು ಕಾಣೋದಕ್ಕೆ ಸ್ಪೆಷಲ್ ಸ್ಟೇನ್, ಅಂದ್ರೆ ಬಣ್ಣ, ಹಾಕ್ಬೇಕು, ಹಾಗಾಗಿ ಮಳೆಗಾಲದಲ್ಲಿ ನೇಪಾಳಕ್ಕೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳು. ಅದ್ರ ಔಷಧಿನೂ ಬೇರೆ, ಕೋಟ್ರೈಮಾಕ್ಸಝೋಲ್. ಎರಡು ಕೋರ್ಸ್ ದಂಡ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಕ್ರಿಮಿ ಹೋದ ಮೇಲೂ ಸ್ವಲ್ಪ ದಿನ ಹಾಲು ಜೀರ್ಣ ಆಗದೆ ಉಬ್ಬರ ಇರಬಹುದು, ಕಾಫಿ ಬದಲು ಬ್ಲಾಕ್ ಟೀ ಕುಡಿ. ಕೆಲವರಿಗೆ ಇಂಥ ಭೇದಿ ಆದ್ಮೇಲೆ ತಿಂಗಳುಗಟ್ಟಲೆ ಕರುಳು ಸೂಕ್ಷ್ಮ ಆಗಿಬಿಡತ್ತೆ, ಐಬಿಎಸ್ ಅಂತೀವಿ, ಆದ್ರೆ ಮಲ ಪರೀಕ್ಷೆ ಕ್ಲಿಯರ್ ಆಗೋ ಮುಂಚೆ ಯಾರಾದ್ರೂ ಆ ಹೆಸರು ಹಚ್ಚಿದ್ರೆ ಒಪ್ಕೋಬೇಡ. ಐದು ಕೆಜಿ ಇಳಿದಿರೋದು ಸಣ್ಣ ವಿಷ್ಯ ಅಲ್ಲ, ಈ ವಾರವೇ ಹೋಗು.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಬಾಲಿಗೆ ಹೊರಟಿದೀವಿ. ಎರಡು ಪೆಗ್ ಹಾಕಿದ್ರೆ ಹೊಟ್ಟೆ ಒಳಗಿನ ಕ್ರಿಮಿ ಎಲ್ಲ ಸಾಯತ್ತೆ, ಹೆದರ್ಬೇಡಿ ಅಂತಾನೆ ಒಬ್ಬ. ಹೌದಾ? – ಭದ್ರಾವತಿಯ ಓದುಗರು

ಉತ್ತರ: ಆ ಗೆಳೆಯನ್ನ ಡಾಕ್ಟರ್ ಮಾಡಿಲ್ಲ ಅಂತ ದೇವರಿಗೆ ಒಂದು ಕಾಯಿ ಒಡೀರಿ. ಗ್ಲಾಸಿಗೆ ಹಾಕೋ ಐಸಲ್ಲಿರೋ ಕ್ರಿಮಿಯನ್ನೇ ವಿಸ್ಕಿ ಗ್ಯಾರಂಟಿಯಾಗಿ ಕೊಲ್ಲಲ್ಲ, ಹೊಟ್ಟೆಗೆ ಹೋಗಿ ಇನ್ನೂ ತೆಳ್ಳಗಾದ ಮೇಲೆ ಎಲ್ಲಿಂದ ಕೊಲ್ಲತ್ತೆ. ಮೇಲಿಂದ ಮೂತ್ರ ಹೆಚ್ಚಾಗಿ ಮೈ ಒಣಗತ್ತೆ. ಮೆಟ್ರೊನಿಡಝೋಲ್, ಟಿನಿಡಝೋಲ್ ತಗೊಳೋ ದಿನಗಳಲ್ಲಂತೂ ಒಂದು ತೊಟ್ಟೂ ಬೇಡ.

ಪ್ರಶ್ನೆ: ಅಬ್ಬಾ ಅಮ್ಮಿ ಹಜ್ ಯಾತ್ರೆಗೆ ಹೊರಟಿದಾರೆ. ಹೊಟ್ಟೆ ಕೆಡದೇ ಇರೋದಕ್ಕೆ ಏನಾದ್ರೂ ಇಂಜೆಕ್ಷನ್ ಇದ್ಯಾ? – ಶಿಕಾರಿಪುರದ ಓದುಗರು

ಉತ್ತರ: ಭೇದಿ ಮಾಡಿಸೋ ಕ್ರಿಮಿ ಒಂದಲ್ಲ ಹತ್ತಾರು, ಎಲ್ಲದಕ್ಕೂ ಒಂದೇ ಲಸಿಕೆ ಅಂತ ಇಲ್ಲ. ಹಜ್‌ಗೆ ಕಡ್ಡಾಯ ಇರೋ ಮೆನಿಂಜೈಟಿಸ್ ಲಸಿಕೆ ಮೆದುಳಿನ ಪೊರೆಯ ಸೋಂಕಿಗೆ, ಹೊಟ್ಟೆಗಲ್ಲ. ಟೈಫಾಯ್ಡ್ ಕೂಡ ಕೆಟ್ಟ ನೀರು ಊಟದಿಂದಲೇ ಬರೋದು, ಅದ್ರ ಲಸಿಕೆ ಹಾಕಿಸಿದ್ರೆ ಒಳ್ಳೇದು. ಆ ಬಿಸಿಲಲ್ಲಿ ನಡೆಯುವಾಗ ಭೇದಿ ಆದ್ರೆ ವಯಸ್ಸಾದವರು ಒಂದೇ ದಿನಕ್ಕೆ ಬಸವಳಿದು ಹೋಗ್ತಾರೆ, ಹಾಗಾಗಿ ಇಬ್ಬರ ಬ್ಯಾಗಲ್ಲೂ ಬೇರೆ ಬೇರೆ ಓಆರ್‌ಎಸ್ ಇಡಿ. ಒಬ್ಬರ ಹತ್ರಾನೇ ಇಟ್ಟು, ಜನಜಂಗುಳಿಲಿ ಇಬ್ಬರೂ ಬೇರೆ ಬೇರೆ ಆಗೋದು ಹೊಸದೇನಲ್ಲ.

ಪ್ರಶ್ನೆ: ನಮ್ಮಜ್ಜಿ ದಾಳಿಂಬೆ ಸಿಪ್ಪೆ ಕಷಾಯ, ಪೇರಳೆ ಚಿಗುರು, ಕೊಡಸಿಗೆ ತಂಬುಳಿ ಇವುಗಳಲ್ಲೇ ಊರಿನ ಭೇದಿ ಎಲ್ಲ ನಿಲ್ಲಿಸ್ತಿದ್ರು. ನೀವು ಡಾಕ್ಟ್ರುಗಳು ಇದನ್ನೆಲ್ಲ ಯಾಕೆ ಹೇಳಲ್ಲ? ವಿಯೆಟ್ನಾಂಗೆ ಹೋಗುವಾಗ ಒಣಗಿಸಿದ ದಾಳಿಂಬೆ ಸಿಪ್ಪೆ ತಗೊಂಡ್ ಹೋಗ್ಲಾ? – ಹೊಸನಗರದ ಓದುಗರು

ಉತ್ತರ: ನಮ್ಮಜ್ಜಿನೂ ಕೊಡ್ತಿದ್ರು, ಒಗರಿಗೆ ಮುಖ ಹಿಂಡಿದ್ರೆ ಕಿವಿ ಹಿಂಡಿ ಕುಡಿಸ್ತಿದ್ರು. ಕುಡೀಬೇಡಿ ಅಂತ ನಾನು ಹೇಳಲ್ಲ. ಆದ್ರೆ ಯೋಚನೆ ಮಾಡಿ, ಅಜ್ಜಿ ಬರೀ ಕಷಾಯ ಕೊಟ್ಟು ಸುಮ್ನಾಗ್ತಿದ್ರಾ? ಅದ್ರ ಹಿಂದೆ ಉಪ್ಪು ಹಾಕಿದ ತೆಳು ಗಂಜಿ ಲೋಟಗಟ್ಟಲೆ ಕುಡಿಸ್ತಿದ್ರು. ಭೇದಿ ನಿಂತ ಕೀರ್ತಿ ಎಲ್ಲ ಸಿಪ್ಪೆಗೆ ಹೋಯ್ತು, ಜೀವ ಹಿಡಿದಿದ್ದು ಗಂಜಿ. ಅಕ್ಕಿ ಹಿಟ್ಟಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡತ್ತೆ ಅಂತ ಆಮೇಲೆ ವೈದ್ಯರೂ ಪರೀಕ್ಷೆ ಮಾಡಿ ಒಪ್ಕೊಂಡ್ರು. ಓಆರ್‌ಎಸ್ ಪ್ಯಾಕೆಟ್ ಸಿಗದೇ ಇದ್ರೆ ಒಂದು ಲೀಟರ್ ಕಾದಾರಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಮೇಲೆ ಗೋಪುರ ಕಟ್ಟದೆ ಮಟ್ಟಸವಾಗಿ ಅಳೆದು ಕಲೆಸಿ.

ದಾಳಿಂಬೆ ಸಿಪ್ಪೆ, ಬೇರು ನಾರು ಬ್ಯಾಗಲ್ಲಿ ಬೇಡ, ಕಸ್ಟಮ್ಸ್‌ನವರಿಗೆ ವಿವರಿಸ್ತಾ ನಿಲ್ಬೇಕಾಗತ್ತೆ. ಗಂಜಿಗೆ ಅಂತ ಅಕ್ಕಿನೂ ಹೊತ್ಕೊಂಡು ಹೋಗಬೇಡಿ. ಹೋಟೆಲ್ ರೂಮಿನ ಕೆಟಲಲ್ಲಿ ನಾನು ಟ್ರೈ ಮಾಡಿದೀನಿ, ನೀರು ಕುದಿದ ಕೂಡ್ಲೆ ಟಕ್ ಅಂತ ಆಫ್ ಆಗತ್ತೆ, ಅಕ್ಕಿ ಹಾಗೇ ಕೂತಿರತ್ತೆ, ರೂಮಿನ ಹುಡುಗಿ ಕೈಲಿ ಬೈಸ್ಕೊಂಡಿದ್ದಷ್ಟೇ ಲಾಭ. ತೆಳು ಅವಲಕ್ಕಿ ಅರ್ಧ ಕೆಜಿ ಇಟ್ಕೊಳಿ, ಅದೇ ಕೆಟಲಿನ ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ರೆ ಮೆತ್ತಗಾಗತ್ತೆ, ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ ಸ್ಪೂನಲ್ಲಿ ಹಿಸುಕಿದ್ರೆ ಅವತ್ತಿಗೆ ಅದೇ ಗಂಜಿ.